ಬೀರು ತೆಗೆಯುವ ಮೊದಲು: ಮನೆಯ ಬಟ್ಟೆ, ಸಾಮಾನು ಕಡಿಮೆ ಮಾಡಿ ಜೋಡಿಸುವ ಕ್ರಮ

"ಬೀರು ಪೂರ್ತಿ ಖಾಲಿ ಮಾಡಿ ಜೋಡಿಸಿದ್ದೆ. ಮೂರೇ ತಿಂಗಳು, ಮತ್ತೆ ಬಾಗಿಲು ಹಾಕೋಕೆ ಆಗ್ತಿಲ್ಲ. ಏನು ಮಾಡೋದು?"

ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಇದೇ. ತುಮಕೂರಿನ ಎಸ್.ಎಸ್. ಪುರಂ, ಕ್ಯಾತ್ಸಂದ್ರದವರೂ ಕೇಳುತ್ತಾರೆ, ಗುಬ್ಬಿ, ಶಿರಾ, ತಿಪಟೂರಿನವರೂ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳಿ ಸಾಕಾಗಿ ಈಗ ಒಂದೇ ಕಡೆ ಬರೆಯುತ್ತಿದ್ದೇನೆ.

ನಾನು ವಾಪಸ್ ಕೇಳುವ ಪ್ರಶ್ನೆಯೂ ಒಂದೇ: ತೆಗೆದ ಸಾಮಾನು ಎಲ್ಲಿ ಹೋಯಿತು? "ಸದ್ಯಕ್ಕೆ ಅಟ್ಟದ ಮೇಲಿಟ್ಟಿದ್ದೀನಿ" ಅನ್ನುತ್ತಾರೆ. ತೊಂದರೆ ಇರುವುದೇ ಅಲ್ಲಿ. ಬೀರುವಿನಿಂದ ಅಟ್ಟಕ್ಕೆ ಹೋದದ್ದು ಮನೆಯಿಂದ ಹೋದ ಹಾಗಲ್ಲ. ಅಟ್ಟ ತುಂಬಿದ ಮೇಲೆ ಮಂಚದ ಕೆಳಗೆ, ಅದೂ ತುಂಬಿದ ಮೇಲೆ ಮತ್ತೆ ಬೀರುವಿಗೆ ಬರುತ್ತದೆ. ಆದ್ದರಿಂದ ಈ ಕ್ರಮದಲ್ಲಿ ಬೀರುವಿನ ಸರದಿ ಎರಡನೆಯದು. ಮನೆಯಿಂದ ಹೊರಗೆ ಹೋಗುವ ದಾರಿ ಮೊದಲು ಗೊತ್ತಾಗಬೇಕು.

ಇನ್ನೊಂದು ವಿಷಯ. ಮೊಬೈಲ್ ವಿಡಿಯೊಗಳಲ್ಲಿ "ನೀವು ಜಾಸ್ತಿ ಕೊಳ್ಳುತ್ತೀರಿ, ಕೊಳ್ಳುವುದು ಬಿಡಿ" ಅನ್ನುತ್ತಾರೆ. ನಮ್ಮ ಕಡೆಯ ಮನೆಗಳಲ್ಲಿ ಅರ್ಧ ಸಾಮಾನು ನಾವು ಕೊಂಡದ್ದೇ ಅಲ್ಲ. ಮದುವೆಯ ಮುಯ್ಯಿ, ಗೃಹಪ್ರವೇಶದ ಉಡುಗೊರೆ, ಅರಿಶಿನ ಕುಂಕುಮದ ಜೊತೆ ಬಂದ ಕಣ, ಅಕ್ಕನ ಮನೆಯಿಂದ ಬಂದ ಮಕ್ಕಳ ಬಟ್ಟೆ. ಕೊಳ್ಳುವುದು ನಿಲ್ಲಿಸಿದರೂ ಇವು ಬರುತ್ತಲೇ ಇರುತ್ತವೆ.

ಎಷ್ಟು ಹೊತ್ತು ಬೇಕು, ಏನೇನು ಬೇಕು

ಎರಡು ರೂಮಿನ ಮನೆ, ನಾಲ್ಕೈದು ಜನ, ಎರಡು ಬೀರು, ಒಂದು ಅಟ್ಟ ಎಂದು ಇಟ್ಟುಕೊಳ್ಳಿ. ನಾಲ್ಕು ಭಾನುವಾರ ಬೇಕು. ನಮ್ಮೂರಲ್ಲಿ ಬೆಳಿಗ್ಗೆ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಬರುವವರು ಜಾಸ್ತಿ. ಅವರಿಗೆ ವಾರದ ನಡುವೆ ಇದು ಆಗದ ಕೆಲಸ. ಮಳೆ ಮುಗಿದು ಬಿಸಿಲು ಬಿದ್ದ ಮೇಲೆ, ಡಿಸೆಂಬರ್, ಜನವರಿಯಲ್ಲಿ ಮಾಡಿದರೆ ಒಳ್ಳೆಯದು. ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಬಟ್ಟೆ ಹೊರಗೆ ತೆಗೆದರೆ ತೇವ ಸಮೇತ ಒಳಗೆ ಹೋಗುತ್ತದೆ.

ಬೇಕಾದ್ದು ಇಷ್ಟೇ: ನಾಲ್ಕು ಗೋಣಿಚೀಲ ಅಥವಾ ಹಳೇ ಬೆಡ್‌ಶೀಟ್, ಮಾರ್ಕರ್ ಪೆನ್ನು, ಅಂಟಿಸುವ ಟೇಪು, ಮೂಗಿಗೆ ಮಾಸ್ಕು, ಗಟ್ಟಿ ಏಣಿ, ಎರಡು ಮೂರು ಹಳೇ ಹತ್ತಿ ಪಂಚೆ, ನೆರಳಲ್ಲಿ ಗರಿಗರಿಯಾಗಿ ಒಣಗಿಸಿದ ಬೇವಿನ ಸೊಪ್ಪು.

ಡಬ್ಬಿ, ಬುಟ್ಟಿ, ಜಿಪ್ ಚೀಲಗಳನ್ನು ಈಗಲೇ ಕೊಳ್ಳಬೇಡಿ. ಎಲ್ಲರೂ ಮಾಡುವ ಮೊದಲ ತಪ್ಪು ಇದು. ಎಷ್ಟು ಉಳಿಯುತ್ತದೆ ಎಂದು ಗೊತ್ತಾಗುವ ಮೊದಲೇ ಡಬ್ಬಿ ತಂದರೆ, ಆ ಡಬ್ಬಿ ತುಂಬಿಸುವುದಕ್ಕೇ ಸಾಮಾನು ಉಳಿಸಿಕೊಳ್ಳುತ್ತೀರಿ.

ಹಂತ 1: ಹೊರಗೆ ಹೋಗುವ ದಾರಿ

ಒಂದು ಹಾಳೆ ತೆಗೆದುಕೊಂಡು ನಾಲ್ಕು ತಲೆಬರಹ ಹಾಕಿ: ಕೊಡುವುದು, ಮಾರುವುದು, ಮನೆಯಲ್ಲೇ ಬೇರೆ ಕೆಲಸಕ್ಕೆ ಬಳಸುವುದು, ಕಸ. ಒಂದೊಂದರ ಕೆಳಗೂ ಯಾರಿಗೆ, ಯಾವ ದಿನ ಎಂದು ಬರೆಯಿರಿ. ಹೆಸರು, ದಿನ ಇಲ್ಲದೆ ಬರೀ "ಯಾರಿಗಾದರೂ ಕೊಡೋಣ" ಎಂದು ಬರೆದರೆ ಆ ಚೀಲ ಮುಂದಿನ ಯುಗಾದಿಗೂ ಅಲ್ಲೇ ಇರುತ್ತದೆ.

ಕೊಡುವುದು: ನಿಮ್ಮ ಹತ್ತಿರದ ವೃದ್ಧಾಶ್ರಮ, ಅನಾಥಾಲಯ, ಹಾಸ್ಟೆಲ್‌ಗೆ ಮೊದಲೇ ಫೋನ್ ಮಾಡಿ ಏನು ಬೇಕು ಎಂದು ಕೇಳಿ. ಎಷ್ಟೋ ಕಡೆ ಸೀರೆಯ ರಾಶಿಯೇ ಇರುತ್ತದೆ, ಬೇಕಾಗಿರುವುದು ಹೊದಿಕೆ, ಟವಲ್ಲು. ಗೂಂಜ್ ಎಂಬ ಸಂಸ್ಥೆ 1999ರಿಂದ ಹಳೇ ಬಟ್ಟೆ ಸಂಗ್ರಹಿಸಿ ಹಳ್ಳಿಗಳಿಗೆ ಕಳಿಸುತ್ತಿದೆ. ಉಡಲು ಬಾರದ ಹತ್ತಿ ಬಟ್ಟೆಯಿಂದ ಮುಟ್ಟಿನ ಬಟ್ಟೆಯ ಪ್ಯಾಡ್ ಕೂಡ ಮಾಡುತ್ತದೆ. ಬೆಂಗಳೂರಿಗೆ ಹೋಗಿಬರುವವರು ಇದ್ದರೆ ವಿಚಾರಿಸಬಹುದು. ನಿಮ್ಮ ಬೀದಿಯಲ್ಲಿ ಮನೆ ಕಟ್ಟುತ್ತಿದ್ದರೆ ಅಲ್ಲಿ ಶೆಡ್ಡಿನಲ್ಲಿ ಇರುವ ಕುಟುಂಬಕ್ಕೆ ಚಳಿಗಾಲದಲ್ಲಿ ರಗ್ಗು, ಸ್ವೆಟರ್ ಉಪಯೋಗಕ್ಕೆ ಬರುತ್ತದೆ. ಆದರೆ ಕೇಳಿ ಕೊಡಿ. ಗೇಟಿನ ಮುಂದೆ ಗಂಟು ಇಟ್ಟು ಬಂದರೆ ಕೊಟ್ಟ ಹಾಗಲ್ಲ, ಎಸೆದ ಹಾಗೆ.

ಕೊಡುವ ಬಟ್ಟೆ ಒಗೆದಿರಬೇಕು, ಗುಂಡಿ, ಜಿಪ್ಪು ಸರಿ ಇರಬೇಕು. ಸೀರೆ ಕೊಟ್ಟರೆ ಜೊತೆಗೆ ಲಂಗ, ಬ್ಲೌಸ್ ಇರಲಿ. ಒಳ ಉಡುಪು ಬೇಡ.

ಮಾರುವುದು: ಪೇಪರ್, ಕಬ್ಬಿಣ, ಹಿತ್ತಾಳೆಗೆ ಗುಜರಿ ಅಂಗಡಿ. ಹೋಗುವ ಮೊದಲು ಮನೆಯಲ್ಲೇ ಒಮ್ಮೆ ತೂಗಿ. ಮೈತೂಕ ನೋಡುವ ಮಷಿನ್ ಇದ್ದರೆ ಗಂಟು ಎತ್ತಿಕೊಂಡು ಒಮ್ಮೆ, ಬರಿಗೈಯಲ್ಲಿ ಒಮ್ಮೆ ನಿಂತು ಲೆಕ್ಕ ಕಳೆಯಿರಿ. ಪೂರ್ತಿ ಕರಾರುವಾಕ್ಕಾಗಿ ಇರದಿದ್ದರೂ 8 ಕೆ.ಜಿ.ಯನ್ನು 5 ಎಂದು ಹೇಳಿದರೆ ಗೊತ್ತಾಗುತ್ತದೆ. ನ್ಯೂಸ್‌ಪೇಪರ್, ನೋಟ್‌ಬುಕ್, ರಟ್ಟು ಬೇರೆ ಬೇರೆ ಕಟ್ಟಿ, ಅವುಗಳ ದರ ಬೇರೆ ಬೇರೆ. ಬೆರೆಸಿಟ್ಟರೆ ಕಡಿಮೆ ದರದ್ದೇ ಎಲ್ಲಕ್ಕೂ ಹಾಕುತ್ತಾರೆ.

ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಬಂದರೆ? ವ್ಯವಹಾರ ತಪ್ಪಲ್ಲ, ಅವರ ಹೊಟ್ಟೆಪಾಡು ಅದು. ಆದರೆ ಎರಡು ಚೀಲ ಬಟ್ಟೆ ಕೊಟ್ಟು ಇನ್ನೊಂದು ಪಾತ್ರೆ ಒಳಗೆ ತಂದಿರಿ ಅಂದರೆ ಏನು ಕಡಿಮೆ ಆಯಿತು? ಬೇಕಾದ ಪಾತ್ರೆ ಇದ್ದರೆ ಮಾತ್ರ ಕೊಡಿ. "ಜರಿ ಸೀರೆ ಇದ್ರೆ ಕೊಡಿ ಅಕ್ಕ" ಎಂದರೆ ಆವತ್ತು ಏನೂ ಕೊಡಬೇಡಿ. ಯಾಕೆ ಅಂತ ಮೂರನೇ ಹಂತದಲ್ಲಿ ಹೇಳುತ್ತೇನೆ.

ಕಸ: ಹರಿದು ಚಿಂದಿಯಾದದ್ದು ಒಣಕಸದ ಜೊತೆ ಪಾಲಿಕೆಯ ಆಟೊಗೆ ಹೋಗಲಿ. ಹಸಿಕಸದ ಬಕೆಟ್ಟಿಗೆ ಬಟ್ಟೆ ಹಾಕಬೇಡಿ. ಭೋಗಿ ಹಬ್ಬದ ನೆಪದಲ್ಲಿ ಹಳೇ ಬಟ್ಟೆ ಸುಡುವ ರೂಢಿ ಕೋಲಾರದ ಕಡೆ ಕೆಲವು ಮನೆಗಳಲ್ಲಿದೆ. ಹತ್ತಿ ಬಟ್ಟೆಯ ಕಾಲದ ರೂಢಿ ಅದು. ಈಗಿನ ಪಾಲಿಯೆಸ್ಟರ್ ಸುಟ್ಟರೆ ಪ್ಲಾಸ್ಟಿಕ್ ಸುಟ್ಟಂತೆ.

ದಿನ ಗೊತ್ತುಮಾಡುವಾಗ ಮನೆಯ ಹಿರಿಯರನ್ನು ಕೇಳಿ. ಶುಕ್ರವಾರ ಮನೆಯಿಂದ ಏನೂ ಹೊರಗೆ ಕೊಡಬಾರದು, ದೀಪ ಹಚ್ಚಿದ ಮೇಲೆ ಕೊಡಬಾರದು ಎಂದು ತುಂಬಾ ಮನೆಗಳಲ್ಲಿ ಇದೆ. ನೀವು ನಂಬದಿದ್ದರೂ ಪರವಾಗಿಲ್ಲ, ಆ ದಿನ, ಆ ಹೊತ್ತು ಬಿಟ್ಟುಬಿಡಿ. ಒಂದು ಸಂಜೆಯ ಜಗಳಕ್ಕೆ ನಾಲ್ಕು ವಾರದ ಕೆಲಸ ನಿಂತುಹೋದ ಮನೆಗಳು ನನಗೆ ಗೊತ್ತು.

ಹಂತ 2: ಒಂದು ಹೊತ್ತಿಗೆ ಒಂದು ಖಾನೆ

ನಾನು ಮೊದಲ ಸಲ ಎರಡು ಬೀರುವನ್ನೂ ಒಟ್ಟಿಗೆ ಮಂಚದ ಮೇಲೆ ಸುರಿದಿದ್ದೆ. ರಾತ್ರಿ ಹನ್ನೊಂದಾದರೂ ಮಂಚ ಕಾಣಿಸಲಿಲ್ಲ, ಎಲ್ಲರೂ ಹಾಲಿನಲ್ಲಿ ಚಾಪೆ ಹಾಸಿಕೊಂಡು ಮಲಗಿದೆವು. ಬೆಳಿಗ್ಗೆ ಸಿಕ್ಕಿದ್ದನ್ನೆಲ್ಲ ವಾಪಸ್ ತುರುಕಿದ್ದಾಯಿತು.

ಒಂದು ಖಾನೆ ಪೂರ್ತಿ ಖಾಲಿ ಮಾಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಡಿ. ಅಷ್ಟರಲ್ಲಿ ಆ ಖಾನೆಯ ಬಟ್ಟೆ ವಿಂಗಡಿಸಿ. ಅದು ಮುಗಿಯದೆ ಮುಂದಿನ ಖಾನೆ ಮುಟ್ಟಬೇಡಿ.

ವಿಂಗಡಿಸುವಾಗ "ಇದು ಚೆನ್ನಾಗಿದೆಯಾ?" ಎಂದು ಕೇಳಿಕೊಳ್ಳಬೇಡಿ. ಚೆನ್ನಾಗಿಯೇ ಇರುತ್ತದೆ, ಅದಕ್ಕೇ ತಾನೇ ಇಷ್ಟು ವರ್ಷ ಉಳಿದಿರುವುದು. ಕೇಳಬೇಕಾದ್ದು ಮೂರು:

ಕಳೆದ ಯುಗಾದಿಯಿಂದ ಈಚೆಗೆ ಹಾಕಿದ್ದೇನಾ? ಈಗ ಮೈಗೆ ಆಗುತ್ತದಾ? ನಾಳೆ ಯಾರಾದರೂ ಮನೆಗೆ ಬಂದರೆ ಇದರಲ್ಲಿ ಬಾಗಿಲು ತೆಗೆಯುತ್ತೇನಾ?

ಮೂರಕ್ಕೂ ಇಲ್ಲ ಎಂದರೆ ಚೀಲಕ್ಕೆ. "ಸಣ್ಣ ಆದ ಮೇಲೆ ಹಾಕ್ಕೋತೀನಿ" ಎನ್ನುವ ಬಟ್ಟೆ ಎರಡು ಇಟ್ಟುಕೊಳ್ಳಿ, ಇಪ್ಪತ್ತು ಬೇಡ. ಹೊಲಿಸಬೇಕು, ಫಾಲ್ ಹಾಕಿಸಬೇಕು, ಗುಂಡಿ ಹಾಕಬೇಕು ಎನ್ನುವವನ್ನು ಒಂದು ಚೀಲಕ್ಕೆ ಹಾಕಿ ಅದೇ ವಾರ ಟೈಲರ್ ಅಂಗಡಿಗೆ ಕೊಟ್ಟುಬಿಡಿ. ಹದಿನೈದು ದಿನದಲ್ಲಿ ಹೋಗದಿದ್ದರೆ ನಿಮಗೆ ಆ ಬಟ್ಟೆ ಬೇಡ ಎಂದೇ ಅರ್ಥ.

ಹಳೇ ಹತ್ತಿ ಸೀರೆ, ಪಂಚೆ ಎಲ್ಲವನ್ನೂ ಕೊಡಬೇಡಿ. ಮೆತ್ತಗಿರುವ ನಾಲ್ಕೈದು ಇರಲಿ. ಮುಂದಿನ ಹಂತದಲ್ಲಿ ರೇಷ್ಮೆ ಸುತ್ತಲು ಬೇಕು, ಮನೆಯಲ್ಲಿ ಬಾಣಂತನ ಬಂದರೆ ಮಗುವಿಗೂ ಬೇಕು.

ಒಂದು ಎಚ್ಚರಿಕೆ. ನಿಮ್ಮ ಬಟ್ಟೆ ಮಾತ್ರ ನೀವು ವಿಂಗಡಿಸಿ. ಗಂಡನ ಹಳೇ ಶರ್ಟು, ಮಗಳ ಕಾಲೇಜು ಟೀ ಶರ್ಟು ಅವರು ಮನೆಯಲ್ಲಿ ಇಲ್ಲದಾಗ ಹೊರಗೆ ಹಾಕಿದರೆ ಆಮೇಲೆ ಅವರು ಒಂದು ಕರ್ಚೀಫನ್ನೂ ಬಿಡುವುದಿಲ್ಲ. ಅತ್ತೆಯವರ ಟ್ರಂಕು ಇದ್ದರೆ ಅವರನ್ನೇ ಕುರ್ಚಿ ಹಾಕಿ ಕೂರಿಸಿ, ಒಂದೊಂದೇ ತೆಗೆದು ಕೈಗೆ ಕೊಡಿ. "ಅತ್ತೆ, ಇದು ಯಾರಿಗೆ ಕೊಟ್ಟರೆ ನಿಮಗೆ ಸಂತೋಷ?" ಎಂದು ಕೇಳಿ. "ಇದು ಬೇಕಾ?" ಎಂದರೆ ಬೇಕು ಅಂತಲೇ ಬರುತ್ತದೆ. ಯಾರಿಗೆ ಎಂದು ಕೇಳಿದರೆ ಅವರೇ ಮೊಮ್ಮಗಳ ಹೆಸರು ಹೇಳುತ್ತಾರೆ. ತೀರಿಹೋದವರ ಬಟ್ಟೆ ಮನೆಯಲ್ಲಿದ್ದರೆ ಈ ಸುತ್ತಿನಲ್ಲಿ ಮುಟ್ಟಲೇಬೇಡಿ. ಅದಕ್ಕೆ ಬೇರೆ ದಿನ, ಬೇರೆ ಮನಸ್ಸು ಬೇಕು.

ಹಂತ 3: ರೇಷ್ಮೆ ಸೀರೆ, ಜರಿ ಪಂಚೆ

ಅತಿ ಹೆಚ್ಚು ಹಾಳಾಗುವುದು ಇಲ್ಲೇ. ಅದೂ ಜೋಪಾನ ಮಾಡುತ್ತೇವೆ ಎಂದುಕೊಂಡೇ ಹಾಳು ಮಾಡುತ್ತೇವೆ. ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ.

ಮೊದಲು ಯಾವುದು ರೇಷ್ಮೆ ಎಂದು ಬೇರೆ ಮಾಡಿ. ರೇಷ್ಮೆಗೂಡಿನ ಊರಾದ ಶಿಡ್ಲಘಟ್ಟ ಪಕ್ಕದ ಜಿಲ್ಲೆಯಲ್ಲೇ ಇದ್ದರೂ ನಮ್ಮ ಬೀರುವಿನಲ್ಲಿ ರೇಷ್ಮೆ ಎಂದು ಮಡಿಸಿಟ್ಟದ್ದರಲ್ಲಿ ಎಷ್ಟೋ ಪಾಲಿಯೆಸ್ಟರ್. 2004ರಿಂದ ಈಚೆಗೆ ಕೊಂಡದ್ದಾದರೆ ಸಿಲ್ಕ್ ಮಾರ್ಕ್ ಚೀಟಿ ಇರಬಹುದು. ಕೇಂದ್ರ ರೇಷ್ಮೆ ಮಂಡಳಿ ಶುರು ಮಾಡಿದ, ಶುದ್ಧ ರೇಷ್ಮೆ ಎಂಬ ಗುರುತು ಅದು. ಚೀಟಿ ಇಲ್ಲದಿದ್ದರೆ ಸೆರಗಿನ ಕುಚ್ಚಿನಿಂದ ಒಂದೇ ಎಳೆ ತೆಗೆದು, ಸಿಂಕಿನ ಹತ್ತಿರ ಹೋಗಿ, ಚಿಮಟದಲ್ಲಿ ಹಿಡಿದು ಬೆಂಕಿ ತೋರಿಸಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಪಾಲಿಯೆಸ್ಟರ್ ಸೀರೆ ಮಾಮೂಲು ಖಾನೆಗೆ ಹೋಗಲಿ, ಅದಕ್ಕೆ ಈ ಉಪಚಾರ ಯಾವುದೂ ಬೇಡ.

ಅಂಗಡಿಯ ಪ್ಲಾಸ್ಟಿಕ್ ಕವರ್‌ಗಳನ್ನು ಇವತ್ತೇ ತೆಗೆದುಬಿಡಿ. ಒಳಗೆ ಸೇರಿದ ತೇವ ಹೊರಗೆ ಹೋಗದೆ ಜರಿ ಕಪ್ಪಾಗುತ್ತದೆ, ಬಟ್ಟೆಗೆ ಮಚ್ಚೆ ಬೀಳುತ್ತದೆ. ಒಗೆದು ಒಣಗಿಸಿದ ಹಳೇ ಪಂಚೆಯ ತುಂಡಿನಲ್ಲಿ ಒಂದೊಂದು ಸೀರೆ ಸುತ್ತಿ. ಪಂಚೆಗೆ ಗಂಜಿ ಹಾಕಿರಬಾರದು. ಗಂಜಿ ಎಂದರೆ ಹುಳಕ್ಕೆ ಊಟ.

ಮಡಿಕೆ ಬದಲಿಸಿ. ವರ್ಷಗಟ್ಟಲೆ ಒಂದೇ ಗೆರೆಯಲ್ಲಿ ಮಡಿಸಿಟ್ಟರೆ ಆ ಗೆರೆಯಲ್ಲೇ ಜರಿ ಮುರಿಯುತ್ತದೆ, ಸೀರೆ ಸೀಳುತ್ತದೆ. ಮೂರು ತಿಂಗಳಿಗೊಮ್ಮೆ ತೆಗೆದು, ನೆರಳಲ್ಲಿ ಗಾಳಿಗೆ ಹರವಿ, ಬೇರೆ ಕಡೆ ಮಡಿಕೆ ಬರುವಂತೆ ಮಡಿಸಿ. ನೇರ ಬಿಸಿಲಿಗೆ ಹಾಕಬೇಡಿ, ಬಣ್ಣ ಹೋಗುತ್ತದೆ. ಭಾರೀ ಜರಿಯ ಸೀರೆ ಹ್ಯಾಂಗರ್‌ಗೆ ಹಾಕಿಡುವುದೂ ಬೇಡ, ಅದರ ತೂಕವೇ ಅದನ್ನು ಜಗ್ಗುತ್ತದೆ. ಮದುವೆಗೆ ಉಟ್ಟು ಬಂದದ್ದನ್ನು ಆ ರಾತ್ರಿಯೇ ಒಳಗಿಡಬೇಡಿ. ಬೆವರು ಆರಲಿ. ಬ್ಲೌಸನ್ನು ಸೀರೆಯ ಮಡಿಕೆಯೊಳಗೆ ಇಡುವ ಅಭ್ಯಾಸವೂ ಬಿಡಿ, ಕಂಕುಳ ಬೆವರಿನ ಕಲೆ ಸೀರೆಗೆ ಹತ್ತುತ್ತದೆ.

ಈಗ ನುಸಿಗುಳಿಗೆ. ಈ ಬಿಳೀ ಗುಳಿಗೆಗಳಲ್ಲಿ ಸಾಮಾನ್ಯವಾಗಿ ಇರುವುದು ನ್ಯಾಫ್ತಲಿನ್. ಅದು ಕರಗಿ ನೀರಾಗದೆ ಹಾಗೇ ಆವಿಯಾಗುತ್ತದೆ. ಆ ಆವಿ ಗಾಳಿಗಿಂತ ಭಾರ, ಕೆಳಗೆ ಇಳಿಯುತ್ತದೆ. ಆದ್ದರಿಂದ ಗುಳಿಗೆ ಇಡುವುದಾದರೆ ಬಟ್ಟೆಯ ಗಂಟಿನಲ್ಲಿ ಕಟ್ಟಿ ಖಾನೆಯ ಮೇಲ್ಭಾಗದಲ್ಲಿ ನೇತುಹಾಕಿ. ಸೀರೆಯ ಮಡಿಕೆಯೊಳಗೆ ಹಾಕಿದರೆ ಜರಿಗೆ ತಗುಲಿ ಮಾಸುತ್ತದೆ. ಅದರ ಜೊತೆ ಕರ್ಪೂರ ಇಡಬೇಡಿ. ನಮ್ಮಲ್ಲಿ ಎರಡೂ ಒಟ್ಟಿಗೆ ಇಡುವವರು ಬಹಳ. ಎರಡೂ ಸೇರಿದರೆ ಒಂದಕ್ಕೊಂದು ಕರಗಿ ಎಣ್ಣೆಯಂತೆ ಜಿನುಗಿ ಬಟ್ಟೆಗೆ ಕಲೆ ಹಿಡಿಯುತ್ತದೆ.

ಮನೆಯಲ್ಲಿ ಎಳೇ ಮಗು ಇದ್ದರೆ ನುಸಿಗುಳಿಗೆಯೇ ಬೇಡ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ-6-ಪಿಡಿ ಎಂಬ ಅಂಶ ಕಡಿಮೆ ಇರುತ್ತದೆ. ಕೆಂಪು ರಕ್ತಕಣಗಳನ್ನು ಕಾಯುವ ಅಂಶ ಅದು. ಅಂಥ ಮಗುವಿಗೆ ಗುಳಿಗೆಯ ಜೊತೆ ಇಟ್ಟಿದ್ದ ಬಟ್ಟೆ, ಕಂಬಳಿ ಹೊದಿಸಿದರೆ ಆ ಆವಿಗೇ ರಕ್ತಕಣ ಒಡೆದು ಕಾಮಾಲೆ ಬರಬಹುದು. ಬಾಣಂತನಕ್ಕೆ ಟ್ರಂಕಿನಿಂದ ತೆಗೆದ ಬಟ್ಟೆಯನ್ನು ಒಗೆದು, ಚೆನ್ನಾಗಿ ಬಿಸಿಲು ಗಾಳಿಗೆ ಹಾಕಿ, ವಾಸನೆ ಪೂರ್ತಿ ಹೋದ ಮೇಲೆಯೇ ಬಳಸಿ. ಸ್ವಲ್ಪ ದೊಡ್ಡ ಮಕ್ಕಳು ಪೆಪ್ಪರ್‌ಮಿಂಟ್ ಎಂದು ಬಾಯಿಗೆ ಹಾಕಿಕೊಳ್ಳುವ ಅಪಾಯ ಬೇರೆ ಇದೆ.

ಬದಲಿಗೆ ಒಣ ಬೇವಿನ ಸೊಪ್ಪು, ನಾಲ್ಕು ಲವಂಗ ಸಣ್ಣ ಬಟ್ಟೆಗಂಟಿನಲ್ಲಿ ಕಟ್ಟಿ ಮೂಲೆಗೆ ಇಡಿ. ಎರಡು ಮೂರು ತಿಂಗಳಿಗೊಮ್ಮೆ ಬದಲಿಸಿ. ಗುಳಿಗೆಯಷ್ಟು ಜೋರು ಅಲ್ಲ, ನಿಜ. ಆದರೆ ಮೂರು ತಿಂಗಳಿಗೊಮ್ಮೆ ಸೀರೆ ತೆಗೆದು ಗಾಳಿಗೆ ಹಾಕುವ ಮನೆಗೆ ಅಷ್ಟು ಸಾಕು. ಸೊಪ್ಪು ಅರೆಬರೆ ಒಣಗಿದ್ದರೆ ಹಸಿರು ಕಲೆ ಬೀಳುತ್ತದೆ.

ಉಡಲಾರದಷ್ಟು ಹಳೆಯ ಜರಿ ಸೀರೆ ಮಾರುವ ವಿಷಯಕ್ಕೆ ಬರೋಣ. ಅಸಲಿ ಜರಿ ಎಂದರೆ ಬೆಳ್ಳಿಯ ಎಳೆಗೆ ಚಿನ್ನದ ಲೇಪ. ಅಜ್ಜಿ ಕಾಲದ ಸೀರೆಯಲ್ಲಿ ಅದು ಇರುವ ಸಂಭವ ಜಾಸ್ತಿ. ಈಚಿನ ಎಷ್ಟೋ ಸೀರೆಗಳಲ್ಲಿ ಇರುವುದು ತಾಮ್ರದ ಎಳೆ ಅಥವಾ ಪ್ಲಾಸ್ಟಿಕ್ ಜರಿ. ಬಾಗಿಲಿಗೆ ಬಂದು ಕೊಳ್ಳುವವರಿಗೆ ಈ ವ್ಯತ್ಯಾಸ ನೋಡಿದ ತಕ್ಷಣ ಗೊತ್ತಾಗುತ್ತದೆ, ನಮಗೆ ಗೊತ್ತಾಗುವುದಿಲ್ಲ. ಅದಕ್ಕೇ ಆವತ್ತು ಕೊಡಬೇಡಿ ಎಂದದ್ದು. ಗುರುತಿನ ಚಿನಿವಾರರ ಅಂಗಡಿಯಲ್ಲಿ ಮೊದಲು ತೋರಿಸಿ, ಎರಡು ಕಡೆ ದರ ಕೇಳಿ. ಅಂಚು ಗಟ್ಟಿ ಇದ್ದರೆ ಮಾರುವುದಕ್ಕಿಂತ ಮೊಮ್ಮಗಳಿಗೆ ಲಂಗ ಹೊಲಿಸುವುದು ಒಳ್ಳೆಯದು. ಇದು ನನ್ನ ಅಭಿಪ್ರಾಯ, ಬಲವಂತವಿಲ್ಲ.

ಹಂತ 4: ಕಣ, ಶಾಲು, ಮುಯ್ಯಿ ಪಾತ್ರೆ

ಬ್ಲೌಸ್ ಪೀಸ್ ತುಂಬಿದ ಚೀಲ ಇಲ್ಲದ ಮನೆ ನಮ್ಮ ಜಿಲ್ಲೆಯಲ್ಲಿ ಉಂಟಾ? ವರಮಹಾಲಕ್ಷ್ಮಿ, ಗೌರಿ ಬಾಗಿನ, ಸೀಮಂತ, ಗೃಹಪ್ರವೇಶ, ಒಂದೊಂದಕ್ಕೂ ಎರಡು ಮೂರು. ಅರ್ಧದಷ್ಟು ಊರೆಲ್ಲ ಸುತ್ತಿ ಬಂದವು. ನೀವು ಕೊಟ್ಟದ್ದೇ ಮೂರು ವರ್ಷದ ಮೇಲೆ ನಿಮ್ಮ ಮಡಿಲಿಗೇ ವಾಪಸ್ ಬಂದಿರಬಹುದು.

ಎಲ್ಲ ಕಣವನ್ನೂ ಚಾಪೆಯ ಮೇಲೆ ಸುರಿದು ಮೂರು ಗುಂಪು ಮಾಡಿ. ನಿಮ್ಮದೇ ಸೀರೆಗೆ ಹೊಂದುವವು, ಬಟ್ಟೆ ಚೆನ್ನಾಗಿದ್ದು ಇನ್ನೊಬ್ಬರಿಗೆ ಕೊಡಬಹುದಾದವು, ತೀರಾ ತೆಳ್ಳಗಿನವು. ಮೊದಲನೆಯದನ್ನು ಆ ಸೀರೆಯ ಹೆಸರು ಬರೆದ ಚೀಟಿ ಹಾಕಿ ಈ ವಾರವೇ ಹೊಲಿಯಲು ಕೊಡಿ. ಎರಡನೆಯದರಲ್ಲಿ ಹತ್ತು ಹನ್ನೆರಡು ಸಾಕು, ದೇವರಮನೆಯ ಹತ್ತಿರದ ಒಂದು ಡಬ್ಬಿಯಲ್ಲಿ ಇರಲಿ. ಅದು ಖಾಲಿಯಾಗುವವರೆಗೆ ಅಂಗಡಿಯಿಂದ ಹೊಸದು ತರಬೇಡಿ. ಕೊಟ್ಟವರ ಹೆಸರು ಪೆನ್ಸಿಲ್‌ನಲ್ಲಿ ಮೂಲೆಯ ಚೀಟಿಗೆ ಬರೆದಿಟ್ಟರೆ ಅವರಿಗೇ ವಾಪಸ್ ಕೊಡುವ ಮುಜುಗರ ತಪ್ಪುತ್ತದೆ. ಕೊಡುವಾಗ ಚೀಟಿ ಕಿತ್ತುಹಾಕಲು ಮರೆಯಬೇಡಿ.

ಮೂರನೆಯ ಗುಂಪು ಬ್ಲೌಸ್ ಆಗುವುದಿಲ್ಲ. ಅದನ್ನು ಇನ್ನೊಬ್ಬರಿಗೆ ದಾಟಿಸುವುದು ನನಗೆ ಸರಿ ಕಾಣುವುದಿಲ್ಲ, ನಮಗೆ ಬೇಡವಾದದ್ದು ಅವರಿಗೆ ಯಾಕೆ ಬೇಕು? ಎರಡೆರಡು ಪದರ ಸೇರಿಸಿ ಹೊಲಿಸಿದರೆ ಕೈಚೀಲ ಆಗುತ್ತದೆ. ರಾಜ್ಯದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧ ಇದೆ. ಮಂಡಿಪೇಟೆಗೆ ದಿನಸಿ ತರಲು ಹೋಗುವಾಗ ನಾಲ್ಕು ಚೀಲ ಬೇಕೇ ಬೇಕು. ಹಪ್ಪಳ ಸಂಡಿಗೆ ಡಬ್ಬಿಯ ಮೇಲೆ ಕಟ್ಟಲು, ದೇವರ ಪಾತ್ರೆ ಸುತ್ತಿಡಲು ಕೂಡ ಆಗುತ್ತದೆ.

ಸನ್ಮಾನದ ಶಾಲು ಬೆಚ್ಚಗಿರುವುದಿಲ್ಲ, ಒಗೆದರೆ ಬಣ್ಣ ಬಿಡುತ್ತದೆ. ನೆನಪಿಗೆ ಒಂದು ಇಟ್ಟುಕೊಳ್ಳಿ. ಉಳಿದವು ಮಿಕ್ಸಿ, ಹೊಲಿಗೆ ಮಷಿನ್‌ಗೆ ಧೂಳು ಬೀಳದಂತೆ ಹೊದಿಸಲು ಚೆನ್ನ.

ಮುಯ್ಯಿ ಪಾತ್ರೆಗಳಲ್ಲಿ ಹೆಸರು ಕೊರೆಸಿರುತ್ತಾರೆ, ಅದಕ್ಕೇ ಕೈಬಿಡಲು ಮನಸ್ಸು ಬರುವುದಿಲ್ಲ. ಲೆಕ್ಕ ಸುಲಭ ಮಾಡಿಕೊಳ್ಳಿ. ನಿಮ್ಮ ಮನೆಗೆ ಒಂದೇ ಸಲ ಎಷ್ಟು ಜನ ಊಟಕ್ಕೆ ಬರುತ್ತಾರೆ? ಇಪ್ಪತ್ತು ಎಂದರೆ ಇಪ್ಪತ್ತೈದು ತಟ್ಟೆ, ಲೋಟ ಇರಲಿ. ಅದಕ್ಕಿಂತ ಜಾಸ್ತಿ ಜನ ಬಂದರೆ ಹೇಗೂ ಬಾಡಿಗೆಗೆ ತರುತ್ತೀರಿ. ಉಳಿದ ಸ್ಟೀಲನ್ನು ಗುಜರಿಗೆ ಹಾಕಬೇಡಿ, ಬೆಲೆ ಸಿಗುವುದಿಲ್ಲ. ಅಂಗನವಾಡಿ, ಊರಿನ ದೇವಸ್ಥಾನದ ದಾಸೋಹಕ್ಕೆ ಬೇಕಾ ಎಂದು ಕೇಳಿ. ಹಿತ್ತಾಳೆ, ತಾಮ್ರ ಬೇರೆ ಮಾತು. ಪಾತ್ರೆ ಅಂಗಡಿಯಲ್ಲಿ ಹಳೆಯದು ಕೊಟ್ಟು ಹೊಸದು ತರುವಾಗ ತೂಕದ ದರ ಕೇಳಿಯೇ ಕೊಡಿ.

ಹಂತ 5: ಅಟ್ಟ ಇಳಿಸುವುದು

ತಿಪಟೂರು ಕಡೆಯ ಹಳೇ ಮನೆಗಳಲ್ಲಿ ಅಟ್ಟ ಇರುವುದು ಕೊಬ್ಬರಿಗೆ. ತೆಂಗಿನಕಾಯಿ ಅಟ್ಟಕ್ಕೆ ಹತ್ತಿಸಿದರೆ ಹತ್ತು ಹನ್ನೆರಡು ತಿಂಗಳು ಅಲ್ಲೇ ಒಣಗಿ ಉಂಡೆ ಕೊಬ್ಬರಿಯಾಗಿ ಕೆಳಗೆ ಇಳಿಯುತ್ತದೆ. ವರ್ಷಕ್ಕೆ ಒಂದು ಸಲ ಅಟ್ಟ ಖಾಲಿ. ನಮ್ಮ ಸಿಮೆಂಟಿನ ಅಟ್ಟಕ್ಕೂ ಇದೇ ಲೆಕ್ಕ ಹಾಕಿ. ಮೇಲೆ ಹೋಗುವ ಪ್ರತಿ ಗಂಟಿನ ಮೇಲೂ ಒಳಗೆ ಏನಿದೆ, ಯಾವ ತಿಂಗಳು ಹತ್ತಿಸಿದ್ದು ಎಂದು ಬರೆಯಿರಿ. ವರ್ಷ ಆಯಿತು, ಒಮ್ಮೆಯೂ ಇಳಿಸಲಿಲ್ಲ ಎಂದರೆ ಅದು ಇಳಿದು ಹೊರಗೆ ಹೋಗಲಿ. ಗೊಂಬೆ ಹಬ್ಬದ ಗೊಂಬೆ, ದೊಡ್ಡ ಹಾಸಿಗೆ, ಸೂಟ್‌ಕೇಸ್ ಇವಕ್ಕೆ ಮಾತ್ರ ರಿಯಾಯಿತಿ.

ಹತ್ತುವಾಗ ಕೆಳಗೆ ಒಬ್ಬರು ಏಣಿ ಹಿಡಿದಿರಲಿ. ಕುರ್ಚಿಯ ಮೇಲೆ ಸ್ಟೂಲ್ ಇಡುವ ಸಾಹಸ ಬೇಡ. ಗೋಣಿಚೀಲದೊಳಗೆ ಟಾರ್ಚ್ ಬಿಟ್ಟು ನೋಡದೆ ಕೈ ಹಾಕಬೇಡಿ, ಚೇಳು ಇರಬಹುದು. ಇಲಿಯ ಹಿಕ್ಕೆ ಇದ್ದರೆ ಒಣಗಿದ್ದನ್ನು ಗುಡಿಸಬೇಡಿ. ಫಿನಾಯಿಲ್ ನೀರು ಚಿಮುಕಿಸಿ, ನೆನೆದ ಮೇಲೆ ಮಾಸ್ಕು ಹಾಕಿಕೊಂಡು ಒರೆಸಿ.

ಅಟ್ಟದಲ್ಲಿ ಖಾಲಿ ಟಿ.ವಿ. ಡಬ್ಬ, ಮಿಕ್ಸಿ ಡಬ್ಬ ಇದ್ದೇ ಇರುತ್ತವೆ. ವಾರಂಟಿ ಮುಗಿದಿದ್ದರೆ ಚಪ್ಪಟೆ ಮಾಡಿ ರಟ್ಟಿನ ಕಟ್ಟಿಗೆ ಸೇರಿಸಿ. ಅಷ್ಟಕ್ಕೇ ಕಾಲು ಭಾಗ ಅಟ್ಟ ಖಾಲಿಯಾದರೆ ಆಶ್ಚರ್ಯವಿಲ್ಲ.

ನೀರಿನ ಡ್ರಮ್ಮು, ಹಂಡೆ, ಬಕೆಟ್ ಕೊಟ್ಟುಬಿಡಬೇಡಿ. ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದು ನಲ್ಲಿಗೆ ಹರಿಯಬೇಕಾದ ಊರು ಇದು. ಎಲ್ಲ ಬಡಾವಣೆಗೂ ದಿನಾ ಬರುವುದಿಲ್ಲ. "ಬಳಸದ ಪಾತ್ರೆ ಹೊರಗೆ ಹಾಕಿ" ಎಂಬ ವಿಡಿಯೊ ಸಲಹೆ ಕೇಳಿ ಡ್ರಮ್ಮು ಮಾರಿ, ಬೇಸಿಗೆಯಲ್ಲಿ ದುಬಾರಿಗೆ ಮತ್ತೆ ಕೊಂಡವರಿದ್ದಾರೆ. ಆದರೆ ಬಳಸದಿರುವಾಗ ಬೋರಲು ಹಾಕಿಡಿ. ಮಳೆನೀರು ನಿಂತರೆ ಡೆಂಗಿ ಸೊಳ್ಳೆ.

ಹಂತ 6: ಕಾಗದ ಪತ್ರ

ಇಲ್ಲಿ ಮಾತ್ರ ನನ್ನ ಸಲಹೆ ಉಲ್ಟಾ: ಅನುಮಾನ ಬಂದರೆ ಇಟ್ಟುಕೊಳ್ಳಿ.

ಎಂದಿಗೂ ಬಿಸಾಡಬಾರದವು: ಕ್ರಯಪತ್ರ, ವಿಭಾಗ ಪತ್ರ, ಖಾತಾ, ಕಂದಾಯ ಕಟ್ಟಿದ ರಸೀದಿ, ಕೈಬರಹದ ಹಳೇ ಪಹಣಿ, ಜನನ ಮರಣ ಪತ್ರ, ಎಸ್ಸೆಸ್ಸೆಲ್ಸಿ ಮತ್ತು ಮುಂದಿನ ಅಂಕಪಟ್ಟಿ, ಜಾತಿ ಪ್ರಮಾಣ ಪತ್ರ, ಪಿಂಚಣಿ ಕಾಗದ. ಈಗ ಸೈಟು, ಮನೆ ನೋಂದಣಿಗೆ ಇ-ಖಾತಾ ಕೇಳುತ್ತಾರೆ. ಅದನ್ನು ಮಾಡಿಸಲು ಹೋದಾಗಲೇ ಹಳೇ ಕಂದಾಯ ರಸೀದಿಯ ಬೆಲೆ ಗೊತ್ತಾಗುವುದು.

ಕಂಪ್ಯೂಟರ್ ಪಹಣಿಯ ಹಳೇ ಪ್ರತಿ, ಮುಗಿದ ಗ್ಯಾಸ್ ಬಿಲ್ಲು, ಮದುವೆ ಕರೆಯೋಲೆ, ಎರಡು ವರ್ಷಕ್ಕಿಂತ ಹಳೇ ಕರೆಂಟ್ ಬಿಲ್ಲು ಹೋಗಬಹುದು, ವ್ಯಾಜ್ಯ ಏನೂ ಇಲ್ಲದಿದ್ದರೆ. ಆದಾಯ ತೆರಿಗೆ ಕಾಗದವನ್ನು ನಾನು ಎಂಟು ವರ್ಷ ಇಡುತ್ತೇನೆ. ಅಂಗಡಿಯ ನುಣುಪು ಬಿಲ್ಲುಗಳಲ್ಲಿ ಅಕ್ಷರ ತಾನಾಗೇ ಮಾಸಿಹೋಗುತ್ತದೆ. ಅದು ಥರ್ಮಲ್ ಕಾಗದ, ಅಂದರೆ ಶಾಯಿ ಇಲ್ಲದೆ ಶಾಖದಿಂದ ಅಚ್ಚಾಗುವ ಕಾಗದ. ವಾರಂಟಿ ಬಿಲ್ಲಿನ ಫೋಟೊ ಕೊಂಡ ದಿನವೇ ತೆಗೆದುಕೊಳ್ಳಿ.

ಅಸಲಿ ಪತ್ರಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಆಮೇಲೆ ಸೀಲು ಹಾಕಲೂ ಆಗದು, ಪರೀಕ್ಷಿಸಲೂ ಆಗದು. ಗುಜರಿಗೆ ಹಾಕುವ ಮೊದಲು ಆಧಾರ್, ಬ್ಯಾಂಕ್ ಖಾತೆ ನಂಬರ್ ಇರುವ ಕಾಗದ ಹರಿದು ಹಾಕಿ. ಪ್ರತಿ ಪುಸ್ತಕ, ಪ್ರತಿ ಲಕೋಟೆ ಒಮ್ಮೆ ಒದರಿ. ನಮ್ಮ ಹಿರಿಯರ ಬ್ಯಾಂಕು ಅದೇ ಆಗಿತ್ತು.

ಹಂತ 7: ಮಾತ್ರೆ, ವೈರು, ಹಳೇ ಮೊಬೈಲು

ಅವಧಿ ಮುಗಿದ ಮಾತ್ರೆ, ಸಿರಪ್ಪನ್ನು ಕಮೋಡಿಗೆ ಸುರಿಯಬೇಡಿ. ಬೇರೆ ಕವರ್‌ನಲ್ಲಿ ಕಟ್ಟಿ ಕಸದ ಆಟೊದವರಿಗೆ ಹೇಳಿ ಕೊಡಿ.

ಯಾವುದರ ಚಾರ್ಜರ್ ಎಂದು ಗೊತ್ತಿಲ್ಲದ ವೈರು ಬೇಡ. ಹಳೇ ಮೊಬೈಲಿನಿಂದ ಸಿಮ್, ಮೆಮೊರಿ ಕಾರ್ಡ್ ತೆಗೆದು, ಫೋಟೊ ಇಳಿಸಿಕೊಂಡು, ಫ್ಯಾಕ್ಟರಿ ರೀಸೆಟ್ ಮಾಡಿ. ಅಂದರೆ ಒಳಗಿನದೆಲ್ಲ ಅಳಿಸಿ ಕೊಂಡಾಗ ಇದ್ದಂತೆ ಮಾಡುವುದು. ಊದಿಕೊಂಡ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ, ಮನೆಯ ಕಸಕ್ಕೆ ಹಾಕಬೇಡಿ, ಬೆಂಕಿ ಹತ್ತುತ್ತದೆ. ಇವೆಲ್ಲ ಇ-ತ್ಯಾಜ್ಯ. 2023ರ ಏಪ್ರಿಲ್‌ನಿಂದ ಜಾರಿಯಾದ ನಿಯಮದಂತೆ ಇದರ ಹೊಣೆ ತಯಾರಿಸುವ ಕಂಪನಿಗಳ ಮೇಲೂ ಇದೆ. ಹೊಸ ಫೋನು ಕೊಳ್ಳುವಾಗ ಹಳೆಯದನ್ನು ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಕೇಳಿ.

ಹಂತ 8: ವಾಪಸ್ ಜೋಡಿಸುವುದು

ಈಗ ಉಳಿದದ್ದು ನೋಡಿ ಡಬ್ಬಿ ಬೇಕಾದರೆ ತನ್ನಿ. ಬೇಡವಾಗಬಹುದು, ಚಪ್ಪಲಿ ಡಬ್ಬಿ, ಸ್ವೀಟ್ ಡಬ್ಬಿಗಳೇ ಸಾಕಾಗುತ್ತವೆ.

ಕಣ್ಣಿನ ಎತ್ತರದ ಖಾನೆ ದಿನಾ ಹಾಕುವ ಬಟ್ಟೆಗೆ. ಮೇಲಿನದು ರೇಷ್ಮೆಗೆ, ತಳದ್ದು ಹೊದಿಕೆ, ಟವಲ್ಲಿಗೆ. ತೇವ ಮೊದಲು ಹತ್ತುವುದು ತಳಕ್ಕೇ, ಆದ್ದರಿಂದ ಅಲ್ಲಿ ರೇಷ್ಮೆ ಬೇಡ. ಗೋಡೆಗೆ ಒತ್ತಿ ನಿಲ್ಲಿಸಿದ ಬೀರುವನ್ನು ನಾಲ್ಕು ಬೆರಳು ಮುಂದೆ ಸರಿಸಿ, ಹಿಂದೆ ಗಾಳಿ ಆಡಲಿ. ಟೀ ಶರ್ಟು, ಲಂಗ, ಮಕ್ಕಳ ಬಟ್ಟೆ ಒಂದರ ಮೇಲೊಂದು ಪೇರಿಸುವ ಬದಲು ಸಣ್ಣಗೆ ಮಡಿಸಿ ಪುಸ್ತಕ ನಿಲ್ಲಿಸಿದ ಹಾಗೆ ಸಾಲಾಗಿ ನಿಲ್ಲಿಸಿ. ಕೆಳಗಿನದು ಎಳೆದರೆ ಮೇಲಿನದು ಬೀಳುವ ಗೋಳು ತಪ್ಪುತ್ತದೆ. ಸೀರೆಗೆ ಇದು ಹೊಂದುವುದಿಲ್ಲ, ಜಾರುತ್ತದೆ.

ಒಮ್ಮೆ ಹಾಕಿದ, ಆದರೆ ಒಗೆಯಲು ಹಾಕದ ಬಟ್ಟೆಗೆ ಜಾಗ ಮಾಡಿ. ಎಲ್ಲ ಮನೆಯಲ್ಲೂ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಗುಡ್ಡೆ ಬೀಳುವುದು ಇದೇ ಬಟ್ಟೆ. ಹಳೇ ಮನೆಗಳಲ್ಲಿ ಇದಕ್ಕೆಂದೇ ಗೋಡೆಗೆ ಗೂಟ ಇರುತ್ತಿತ್ತು. ಬಾಗಿಲ ಹಿಂದೆ ಒಬ್ಬೊಬ್ಬರಿಗೆ ಎರಡೆರಡು ಕೊಕ್ಕೆ ಹೊಡೆಸಿ, ಮೂರನೆಯದು ಬೇಡ. ಕೊಕ್ಕೆ ತುಂಬಿದರೆ ಒಗೆಯಲು ಹೋಗಲಿ. ಆಮೇಲೆ ಆ ಕುರ್ಚಿಯನ್ನೂ ರೂಮಿನಿಂದ ಹೊರಗೆ ಇಡಿ.

ಕೊನೆಯದು, ಹಿತ್ತಲ ಬಾಗಿಲ ಹತ್ತಿರ ಒಂದು ಗಟ್ಟಿ ಚೀಲ ನೇತುಹಾಕಿ. ಹಂತ 1ರಲ್ಲಿ ಬರೆದ ಹಾಳೆಯನ್ನು ಅದರ ಮೇಲೇ ಅಂಟಿಸಿ. ಮಗುವಿಗೆ ಚಿಕ್ಕದಾದ ಅಂಗಿ, ಬೇಡದ ಉಡುಗೊರೆ, ಮೂರನೇ ಗುಂಪಿನ ಕಣ, ಕೈಗೆ ಸಿಕ್ಕ ದಿನವೇ ಅದಕ್ಕೆ ಬೀಳಲಿ. ಚೀಲ ತುಂಬಿದ ವಾರವೇ ಹೊರಡಬೇಕು. ತುಂಬಿದ ದಿನ ಶುಕ್ರವಾರ ಆಗಿದ್ದರೆ ಶನಿವಾರ ಬೆಳಿಗ್ಗೆವರೆಗೂ ಅಲ್ಲೇ ಇರಲಿ. ಅಟ್ಟಕ್ಕೆ ಮಾತ್ರ ಹತ್ತಿಸಬೇಡಿ.